ಲಿನ್ ಸಾಹೇಬರ ಹೆದರಿಕೆ

ನರ್ಸಿಂಗ್ ಮುಗಿಸಿ ಗಲ್ಫಿಗೆ ಹೊರಟ ಹುಡುಗಿಯರು ಈಗಲೂ ಶಿರ್ವದ ನಮ್ಮ ಮನೆಗೆ ಬರುತ್ತಾರೆ. "ಸೆವ್ರಿನ್ ಬಾಯಿ, ಅಲ್ಲಿ ಕೆಲಸ ಹೇಗಿರ್ತದೆ? ನಂಗೆ ಹೆದರಿಕೆ ಆಗ್ತದೆ" ಎನ್ನುತ್ತಾರೆ. ನಾನು ಮೊದಲು ಚಹಾ ಕೊಡುತ್ತೇನೆ, ಆಮೇಲೆ ಇನ್ನಷ್ಟು ಹೆದರಿಸುತ್ತೇನೆ. ಟೀವಿ ಮುಂದಿನ ಆರಾಮ ಕುರ್ಚಿಯಿಂದ ನನ್ನ ಗಂಡ ಲಾರೆನ್ಸ್, "ಇವಳ ಮಾತು ಕೇಳಿದ್ರೆ ನೀವು ವೀಸಾ ವಾಪಸ್ ಕೊಟ್ಟು ಬರ್ತೀರಿ ಅಷ್ಟೆ" ಎಂದು ಕೂಗುತ್ತಾರೆ. ಒಂದೇ ಕಥೆಯನ್ನು ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಈಗ ಬರೆದಿಡುತ್ತಿದ್ದೇನೆ. ನಾನು ಯಾವಾಗ ಸೀನಿಯರ್ ಆದೆ, ಯಾರು ನನಗೆ ಹೂಗುಚ್ಛ ಕೊಟ್ಟರು ಎಂಬುದೆಲ್ಲ ಇದರಲ್ಲಿ ಇಲ್ಲ. ಅದು ಬೇಕಿದ್ದವರು ಗೋಡೆಯ ಮೇಲಿನ ಫೋಟೋ ನೋಡಬಹುದು.

ನನ್ನ ಕೆಲಸ ಹೃದ್ರೋಗಿಗಳನ್ನು ನಡೆಸುವುದು. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು ಮನೆಗೆ ಹೋದ ಮೇಲೆ ನಮ್ಮ ರಿಹ್ಯಾಬ್ ಕೋಣೆಗೆ ವಾರಕ್ಕೆ ಕೆಲವು ಸಲ ಬರುತ್ತಾರೆ. ಎದೆಗೆ ವಯರು ಅಂಟಿಸಿ ಅವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಬೇಕು, ಸೈಕಲ್ ತುಳಿಸಬೇಕು, ಊಟ, ಸಿಗರೇಟು, ಸಿಟ್ಟು ಎಲ್ಲದರ ಮೇಲೂ ಕಣ್ಣಿಡಬೇಕು. ಆಪರೇಷನ್ ಮಾಡಿದ ಡಾಕ್ಟರಿಗೆ ಖರ್ಜೂರದ ಡಬ್ಬಿ ಸಿಗುತ್ತದೆ, ಆಮೇಲೆ ಅದೇ ಖರ್ಜೂರ ಹೆಚ್ಚು ತಿನ್ನಬೇಡಿ ಎನ್ನುವ ನಮಗೆ ಬೈಗುಳ ಸಿಗುತ್ತದೆ.

ನಾನು ಮೊದಲು ಸೇರಿದ್ದು ಅಬುಧಾಬಿಯಲ್ಲಿ, ಅಲ್ ಮೀನಾ ಬಂದರಿನ ಹತ್ತಿರದ ಒಂದು ಚಿಕ್ಕ ಆಸ್ಪತ್ರೆಗೆ. ಆಗ ನಮ್ಮ ಪದ್ಧತಿಯೇ ಬೇರೆ ಇತ್ತು. ಹಾರ್ಟ್ ಅಟ್ಯಾಕ್ ಆದವನು ಹಾಸಿಗೆ ಬಿಟ್ಟು ಏಳಬಾರದು, ಹೊರಳುವುದಕ್ಕೂ ನರ್ಸ್ ಬೇಕು. ಒಬ್ಬ ಮೀನಿನ ವ್ಯಾಪಾರಿ ನಾವು ಊಟಕ್ಕೆ ಹೋದ ಹೊತ್ತು ನೋಡಿ ಆಸ್ಪತ್ರೆಯ ಅಂಗಿಯಲ್ಲೇ ಮಾರುಕಟ್ಟೆಗೆ ಓಡಿಹೋದ. ನಾವೆಲ್ಲ ಬಂದರು ತುಂಬ ಹುಡುಕಿದೆವು. ಅವನು ಏಲಂ ಮುಗಿಸಿ, ನನ್ನ ಬೈಗುಳ ತಪ್ಪಿಸಲು ಒಂದು ಹಮೂರ್ ಮೀನು ಹಿಡಿದುಕೊಂಡು, ನಮಗಿಂತ ಗಟ್ಟಿಯಾಗಿ ಮೆಟ್ಟಿಲು ಹತ್ತಿ ಬಂದ. ಡಾಕ್ಟರು ಅವನಿಗೂ ಬೈದರು, ನನಗೂ ಬೈದರು. ಮೀನನ್ನು ಮಾತ್ರ ಅವರೇ ತೆಗೆದುಕೊಂಡು ಹೋದರು. ಕೆಲವು ವರ್ಷಗಳಲ್ಲೇ ಆ ಹಾಸಿಗೆಯ ಪದ್ಧತಿ ಪೂರ್ತಿ ಹೋಗಿ, ಮರುದಿನವೇ ಎಬ್ಬಿಸಿ ಕೂರಿಸಿ, ನಡೆಸಿ ಎಂದು ನಮಗೆ ಹೊಸ ಪಾಠ ಬಂತು. ಇದನ್ನು ಯಾಕೆ ಹೇಳಿದೆನೆಂದರೆ, ಮುಂದೆ ದುಬೈಯಲ್ಲಿ ಚೀನೀ ರೋಗಿಗಳು ವಿಶ್ರಾಂತಿ ವಿಶ್ರಾಂತಿ ಎಂದಾಗ ನನಗೆ ನಗು ಬರುತ್ತಿತ್ತು. ಅವರು ಹೇಳುತ್ತಿದ್ದುದು ನಮ್ಮದೇ ಹಳೆಯ ಪಾಠ.

ದುಬೈಗೆ ಬಂದದ್ದು ಆಮೇಲೆ. ಅಲ್ ಮುರಕ್ಕಬಾತ್‌ನ ಒಂದು ಆಸ್ಪತ್ರೆ. ನಮ್ಮ ವಿಭಾಗದ ಮುಖ್ಯಸ್ಥರು ಡಾಕ್ಟರ್ ಹಾಝಿಂ, ಈಜಿಪ್ಟಿನವರು. ರೋಗಿಗಳಿಗೆ ಸಿಗರೇಟಿನ ವಿಷಯದಲ್ಲಿ ಅಷ್ಟು ಚೆನ್ನಾಗಿ ಉಪದೇಶ ಮಾಡುವ ಡಾಕ್ಟರನ್ನು ನಾನು ಬೇರೆ ಕಂಡಿಲ್ಲ. ಉಪದೇಶ ಮುಗಿದ ಕೂಡಲೇ ಪಾರ್ಕಿಂಗ್‌ನ ಹಿಂದೆ ಹೋಗಿ ಒಂದು ಸೇದಿ ಬರುತ್ತಿದ್ದರು. ನಮ್ಮ ಇನ್‌ಚಾರ್ಜ್ ಸಿಸ್ಟರ್ ಲೋರ್ನಾ, ಫಿಲಿಪ್ಪೀನ್ಸಿನವಳು. ಅವಳ ಬಾಯಲ್ಲಿ ಒಂದೇ ಮಂತ್ರ, "ಫೈಲ್ ಇಲ್ಲದಿದ್ದರೆ ಮೆಷಿನ್ ಇಲ್ಲ." ಸ್ವತಃ ಯಮಧರ್ಮ ಬಂದು ಟ್ರೆಡ್‌ಮಿಲ್ ಹತ್ತುತ್ತೇನೆ ಎಂದರೂ ಅವಳು ಮೊದಲು ಫೈಲ್ ಕೇಳುವವಳೇ.

ರೋಗಿಗಳ ನೆಪಗಳನ್ನು ಕೇಳುವುದೇ ಅಲ್ಲಿ ಅರ್ಧ ಕೆಲಸ. ಉಳ್ಳಾಲದ ಕಡೆಯ ಅದ್ರಾಮಾಕ ಎಂಬ ಬ್ಯಾರಿ ವ್ಯಾಪಾರಿ ಒಬ್ಬರಿದ್ದರು. "ಸಿಸ್ಟರೇ, ಬಿರಿಯಾನಿ ಬಿಟ್ಟು ನಾನು ಬದುಕಿ ಯಾರಿಗೆ ಉಪಕಾರ?" ಎನ್ನುತ್ತಿದ್ದರು. "ನಿಮ್ಮ ಹೆಂಡತಿಗೆ" ಎಂದೆ. "ಬಿರಿಯಾನಿ ಮಾಡುವುದೇ ಅವಳಲ್ವಾ?" ಎಂದರು. ನಮ್ಮವರು ಹೀಗೆ ವಾದ ಮಾಡುತ್ತಾರೆ, ಜಗಳ ಮಾಡುತ್ತಾರೆ, ಕೊನೆಗೆ ಅರ್ಧವಾದರೂ ಕೇಳುತ್ತಾರೆ. ದುಬೈಯ ನೈಫ್ ಪೇಟೆಯಲ್ಲಿ ಚೀನೀ ಅಂಗಡಿಗಳು ಹೆಚ್ಚಾದ ಹಾಗೆ ನಮ್ಮಲ್ಲಿಗೆ ಚೀನೀ ರೋಗಿಗಳು ಬರತೊಡಗಿದರು. ಅವರು ಜಗಳವನ್ನೇ ಮಾಡುತ್ತಿರಲಿಲ್ಲ. ಏನು ಹೇಳಿದರೂ "ಹಾವ್, ಹಾವ್" ಎಂದು ತಲೆಯಾಡಿಸುವರು. ಅಂದರೆ ಸರಿ, ಒಳ್ಳೆಯದು ಎಂದು. ನಾನು ಖುಷಿಪಟ್ಟೆ. ಮುಂದಿನ ವಾರ ಅವರಲ್ಲಿ ಒಬ್ಬರೂ ಬರಲಿಲ್ಲ.

ರಿಸೆಪ್ಷನ್‌ನಲ್ಲಿ ಯಾನ್ ಎಂಬ ಚೀನೀ ಹುಡುಗಿ ಇದ್ದಳು, ಅವಳೇ ನಮ್ಮ ದುಭಾಷಿ. "ಸಿಸ್ಟರ್, ಅವರು ಒಪ್ಪಿದ್ದಲ್ಲ. ಆಸ್ಪತ್ರೆಯವರ ಮುಖಕ್ಕೆ ಇಲ್ಲ ಅನ್ನುವುದು ನಮ್ಮಲ್ಲಿ ಮರ್ಯಾದೆ ಅಲ್ಲ" ಎಂದು ಅವಳೇ ತಿಳಿಸಿದಳು. ಯಾನ್‌ಳ ಅನುವಾದವೂ ಒಂದು ಸೋಜಿಗ. ನಾನು ಉಸಿರು ಕಟ್ಟಿ ಒಂದು ಭಾಷಣ ಮಾಡಿದರೆ ಎರಡು ಶಬ್ದದಲ್ಲಿ ಮುಗಿಸುವಳು. "ಉಪ್ಪು ಕಡಿಮೆ ಮಾಡಿ" ಎಂದಷ್ಟೇ ಹೇಳಿದರೆ ಅದನ್ನು ರಾಮಾಯಣದಷ್ಟು ಉದ್ದ ಮಾಡುವಳು. ಅವಳಿಂದಲೇ ನನಗೆ ಒಂದೊಂದೇ ಗೊತ್ತಾಯಿತು. ಬೆವರಿದರೆ ಮೈಯ ಶಕ್ತಿ ಸೋರಿಹೋಗುತ್ತದೆ, ಆದ್ದರಿಂದ ಕಾಯಿಲೆಯವನು ಬೆವರಬಾರದು ಎಂದು ಅವರಲ್ಲಿನ ಹಿರಿಯರು ನಂಬುತ್ತಿದ್ದರು. ಹಾರ್ಟ್ ಅಟ್ಯಾಕ್ ಎಂದರೆ ಹೊಟ್ಟೆ ಬಂದ ಸಾಹುಕಾರರಿಗೆ ಬರುವುದು, ತೆಳ್ಳಗಿದ್ದು ಟೀ ಕುಡಿದು ಸೊಪ್ಪು ತಿನ್ನುವ ತಮಗಲ್ಲ ಎಂಬುದು ಅವರ ಲೆಕ್ಕ. ಬೆಳಿಗ್ಗೆಯಿಂದ ರಾತ್ರಿವರೆಗೆ ಅಂಗಡಿಯಲ್ಲಿ ನಿಂತಿರುವುದು, ಸೇದುವುದು, ಉಪ್ಪಿನಲ್ಲಿ ಹಾಕಿಟ್ಟದ್ದನ್ನು ತಿನ್ನುವುದು ಲೆಕ್ಕಕ್ಕೆ ಬರುತ್ತಿರಲಿಲ್ಲ. ನಾನು ನಗುವ ಹಾಗಿರಲಿಲ್ಲ. ಮೀನು ತಿನ್ನುವವರಿಗೆ ಹಾರ್ಟ್ ಬರುವುದಿಲ್ಲ ಎಂದು ನಮ್ಮ ಅಮ್ಮ ಕೊನೆಯವರೆಗೂ ನಂಬಿದ್ದಳು.

ಹೀಗಿರುವಾಗ ಬಂದವರು ಲಿನ್ ಸಾಹೇಬರು. ನೈಫ್‌ನಲ್ಲಿ ಅವರದು ಅಲಂಕಾರದ ದೀಪಗಳ ಅಂಗಡಿ. ಸೀರಿಯಲ್ ಸೆಟ್, ನಕ್ಷತ್ರ ದೀಪ, ಹಬ್ಬದ ತೋರಣ, ಎಲ್ಲ ಅಲ್ಲಿ ಸಿಗುತ್ತಿತ್ತು. ವರ್ಷಗಟ್ಟಲೆ ನಮ್ಮವರೊಡನೆ ವ್ಯಾಪಾರ ಮಾಡಿ ಅಂಗಡಿ ಹಿಂದಿ ಕಲಿತಿದ್ದರು, ನಡುವೆ ನಾಲ್ಕು ಅರಬ್ಬಿ ಶಬ್ದ. ದೊಡ್ಡ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರು. ಡಾಕ್ಟರ್ ಹಾಝಿಂ ನನ್ನನ್ನು ಕರೆದು ಹೇಳಿದರು, "ಸಿಸ್ಟರ್, ಇವರ ಹೃದಯ ಬಲ ಕಳೆದುಕೊಂಡಿದೆ. ನಮ್ಮ ಕಣ್ಣೆದುರಲ್ಲಿ ನಿಧಾನವಾಗಿ ನಡೆಸಿದರೆ ಸುಧಾರಿಸ್ತಾರೆ. ಮನೆಯಲ್ಲಿ ಕೂತುಬಿಟ್ಟರೆ ಇನ್ನೊಂದು ಸಲ ಬರ್ತಾರೆ. ಆಗ ನನ್ನ ಕೈಯಲ್ಲಿ ಏನೂ ಇರುವುದಿಲ್ಲ." ಹಾಗಾಗಿ ಲಿನ್ ತಪ್ಪಿಸಿಕೊಳ್ಳದ ಹಾಗೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ಅವರೊಡನೆ ಪ್ರತಿಸಲವೂ ಹೆಂಡತಿ ಹುವಾ ಬರುತ್ತಿದ್ದಳು. ಸಣ್ಣ ಮೈಕಟ್ಟು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್. ಗೋಡೆ ಬದಿಯ ಕುರ್ಚಿಯಲ್ಲಿ ತುದಿಗಾಲಲ್ಲೆಂಬಂತೆ ಕೂರುವಳು. ಗಂಡ ಕೆಮ್ಮಿದರೆ ಬಿಸಿನೀರು, ಸೀನಿದರೆ ಬಿಸಿನೀರು, ಸುಮ್ಮನಿದ್ದರೂ ಬಿಸಿನೀರು. ಕಿತ್ತಳೆ ಸುಲಿದು ಒಂದೊಂದೇ ತೊಳೆಯನ್ನು ಅವರ ಕೈಗೆ ಕೊಡುವಳು. ತಾನು ಒಂದನ್ನೂ ಬಾಯಿಗೆ ಹಾಕಿಕೊಂಡದ್ದನ್ನು ನಾನು ನೋಡಲಿಲ್ಲ.

ಎರಡನೆಯ ವಾರ ಲಿನ್ ಬಂದವರೇ ಎದೆ ಸೆಟೆಸಿ, "ಸಿಸ್ಟರ್, ಘೀ ಖಲಾಸ್. ಬಿಲ್ಕುಲ್ ಖಲಾಸ್" ಎಂದರು. ತುಪ್ಪವನ್ನು ಪೂರ್ತಿ ಬಿಟ್ಟಿದ್ದಾರೆ! ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅದ್ರಾಮಾಕರನ್ನು ಕರೆದು, "ನೋಡಿ, ಮನುಷ್ಯ ಅಂದರೆ ಇವರು" ಎಂದೆ. ಪರೋಟಾ, ಹಪ್ಪಳ, ತೆಂಗಿನಕಾಯಿ ಚಟ್ನಿ ಎಲ್ಲವನ್ನೂ ಬಿಟ್ಟೆ ಎಂದರು ಲಿನ್. ಆಗ ಹುವಾ ಮೆಲ್ಲಗೆ ಯಾನ್‌ಳ ಕಿವಿಯಲ್ಲಿ ಏನೋ ಕೇಳಿದಳು. ಯಾನ್ ತುಟಿ ಕಚ್ಚಿ ನಗು ತಡೆದುಕೊಂಡು ನನಗೆ ಹೇಳಿದಳು, "ಘೀ ಅಂದರೆ ಏನು ಅಂತ ಕೇಳ್ತಿದ್ದಾರೆ. ಹೇಗಿರ್ತದೆ ಅಂತ ಒಮ್ಮೆ ನೋಡಬೇಕಂತೆ."

ಆದದ್ದು ಇಷ್ಟೆ. ನಮ್ಮಲ್ಲಿದ್ದ ಪಥ್ಯದ ಪಟ್ಟಿ ಭಾರತೀಯರಿಗೆಂದು ಮಾಡಿದ್ದು. ಅದನ್ನೇ ನಾನು ಯಾನ್‌ಳಿಂದ ಚೀನೀ ಭಾಷೆಗೆ ಬರೆಸಿ, ದೊಡ್ಡ ಕೆಲಸ ಮಾಡಿದವಳ ಹಾಗೆ ಹಂಚಿದ್ದೆ. ಜನ್ಮದಲ್ಲಿ ತುಪ್ಪ ಕಾಣದ ಮನುಷ್ಯ ನನ್ನ ಮಾತಿಗೆ ಬೆಲೆ ಕೊಟ್ಟು ತುಪ್ಪ ಬಿಟ್ಟಿದ್ದರು. ಮೂರು ಹೊತ್ತು ತಿನ್ನುತ್ತಿದ್ದ ಸೋಯಾ ಸಾಸ್, ಉಪ್ಪಿನಲ್ಲಿಟ್ಟ ಸಾಸಿವೆ ಸೊಪ್ಪು, ಅಂಗಡಿಯಲ್ಲಿ ನಿಂತೇ ತಿನ್ನುವ ಪ್ಯಾಕೆಟ್ ನೂಡಲ್ಸ್ ಯಾವುದೂ ನನ್ನ ಪಟ್ಟಿಯಲ್ಲಿ ಇರಲಿಲ್ಲ. "ಊಟದ ಮೇಜಿನ ಮೇಲೆ ಉಪ್ಪು ಇಡ್ತೀರಾ?" ಎಂದು ಕೇಳಿದ್ದೆ. ಇಲ್ಲ ಎಂದಿದ್ದರು. ನಿಜವನ್ನೇ ಹೇಳಿದ್ದರು, ಅವರ ಮೇಜಿನ ಮೇಲೆ ಇರುತ್ತಿದ್ದುದು ಸೋಯಾ ಸಾಸಿನ ಬಾಟಲಿ. ಡಾಕ್ಟರ್ ಹಾಝಿಂ ಹೊಟ್ಟೆ ಹಿಡಿದು ನಕ್ಕು, "ಸಿಸ್ಟರ್, ನನಗೂ ಒಂದು ಪಟ್ಟಿ ಕೊಡಿ, ಕಾಂಗರೂ ಮಾಂಸ ಬಿಡಬೇಕು ಅಂತ. ಇವತ್ತಿನಿಂದಲೇ ಬಿಡ್ತೇನೆ" ಎಂದರು. ಮರುದಿನ ಯಾನ್‌ಳನ್ನು ಕರೆದುಕೊಂಡು ಚೀನೀ ಕಿರಾಣಿ ಅಂಗಡಿಗೆ ಹೋದೆ. ಒಂದೊಂದು ಬಾಟಲಿಯ ಹಿಂದೆ ಏನು ಬರೆದಿದೆ ಎಂದು ಓದಿಸಿ ಹೊಸ ಪಟ್ಟಿ ಮಾಡಿದೆ. ಹುಡುಗಿಯರೇ, ರೋಗಿಯ ಅಡುಗೆಮನೆ ಗೊತ್ತಿಲ್ಲದೆ ಪಥ್ಯ ಹೇಳಬೇಡಿ.

ಊಟ ಸರಿಯಾಯಿತು, ಟ್ರೆಡ್‌ಮಿಲ್ ಆಗಲಿಲ್ಲ. ಎದೆಗೆ ವಯರು ಅಂಟಿಸಲು ನಾನು ಹತ್ತಿರ ಹೋದರೆ ಸಾಕು, ಲಿನ್ ಎರಡೂ ಕೈ ಎದೆಗೆ ಅಡ್ಡ ಹಿಡಿದು, "ಸಿಸ್ಟರ್, ಡರ್ ಲಗ್ತಾ" ಎನ್ನುವರು. ಹೆದರಿಕೆಯಾಗುತ್ತದಂತೆ! "ಪೆಹಲೆ ಬೀವಿ. ಬಾದ್ ಮೆ ಹಮ್." ಮೊದಲು ಹೆಂಡತಿಗೆ ಹಾಕಿ ತೋರಿಸಬೇಕು, ಅವಳಿಗೆ ಏನೂ ಆಗದಿದ್ದರೆ ತಾವು ಹಾಕಿಸಿಕೊಳ್ಳುತ್ತಾರಂತೆ. ನಾನು ಬಿಡುತ್ತೇನೆಯೇ? "ಬೆಳಗಾದರೆ ವಯರಿನ ವ್ಯಾಪಾರ ಮಾಡುವವರು ನೀವು. ನಿಮಗೇ ವಯರಿನ ಹೆದರಿಕೆಯಾ?" ಎಂದು ಎಲ್ಲರೆದುರು ಹಂಗಿಸಿದೆ. ಲಿನ್ ನಾಚಿಕೊಂಡು ನಕ್ಕರು, ಕೈ ಮಾತ್ರ ತೆಗೆಯಲಿಲ್ಲ. ಹುವಾ ಕುರ್ಚಿಯಿಂದಲೇ, ನನಗೆ ಯಾಕೆ, ನಾನು ಕಾಯಿಲೆಯವಳಲ್ಲ, ಎಂದು ತಲೆಯಾಡಿಸುವಳು. ಸಿಸ್ಟರ್ ಲೋರ್ನಾ ಆ ತುದಿಯಿಂದ, "ಫೈಲ್ ಇಲ್ಲದಿದ್ದರೆ ಮೆಷಿನ್ ಇಲ್ಲ" ಎನ್ನುವಳು. ಹೀಗೆ ವಾರಗಟ್ಟಲೆ ನಡೆಯಿತು. ಲಿನ್ ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆ ನಡೆದು, ಬಿಸಿನೀರು ಕುಡಿದು ಮನೆಗೆ ಹೋಗುವರು. ಮಕ್ಕಳ ವಾರ್ಡಿನಲ್ಲೂ ಇಂಥ ಹೆದರುಪುಕ್ಕರಿಲ್ಲ ಎಂದು ನಾನು ಕ್ಯಾಂಟೀನಿನಲ್ಲಿ ಅವರ ಹಾಗೆ ಕೈ ಅಡ್ಡ ಹಿಡಿದು ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದೆ.

ತಿಂಗಳಿಗೊಮ್ಮೆ ನಾವು ರೋಗಿಗಳಿಗೂ ಮನೆಯವರಿಗೂ ಒಂದು ಕ್ಲಾಸ್ ಮಾಡುತ್ತಿದ್ದೆವು. ಆ ಸಲ ನನ್ನ ಪಾಠ ಹೆಂಗಸರ ಹೃದಯದ ಬಗ್ಗೆ. ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದು ಬೀಳುವುದೊಂದೇ ಅಲ್ಲ, ಹೆಂಗಸರಿಗೆ ಕೆಲವು ಸಲ ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ, ಬೆನ್ನುನೋವು, ದವಡೆನೋವು, ಮೆಟ್ಟಿಲು ಹತ್ತಿದರೆ ಏದುಸಿರು, ಕಾರಣವಿಲ್ಲದ ಸುಸ್ತು, ಇಷ್ಟೇ ಇರಬಹುದು ಎಂದೆ. ಯಾನ್ ಅದನ್ನು ಎಷ್ಟು ಉದ್ದ ಮಾಡಿದಳೋ ದೇವರಿಗೇ ಗೊತ್ತು. ಹುವಾ ಕಿತ್ತಳೆ ಸುಲಿಯುತ್ತಿದ್ದಳು. ಲಿನ್ ಕಣ್ಣು ಮುಚ್ಚಿ, ಗದ್ದ ಎದೆಗೆ ತಾಗಿಸಿ ಕೂತಿದ್ದರು. ನನ್ನ ಪಾಠಕ್ಕೆ ಒಬ್ಬರಾದರೂ ಚೆನ್ನಾಗಿ ನಿದ್ದೆ ಮಾಡಿದರಲ್ಲ ಎಂದುಕೊಂಡೆ.

ಡಿಸೆಂಬರ್ ಬಂತು. ಕ್ರಿಸ್ಮಸ್‌ಗೆ ಬಾಲ್ಕನಿಯಲ್ಲಿ ತೂಗಲು ನಕ್ಷತ್ರ ದೀಪ ಬೇಕಿತ್ತು, ಲಿನ್ ಅವರ ಅಂಗಡಿಗೇ ಹೋದೆ. ನೈಫ್‌ನ ಗಲ್ಲಿಗಳಲ್ಲಿ ಕಾಲಿಡಲು ಜಾಗವಿಲ್ಲ. ಅಂಗಡಿ ಕೆಳಗೆ, ಗೋದಾಮು ಮೇಲೆ, ನಡುವೆ ಕಡಿದಾದ ಕಬ್ಬಿಣದ ಮೆಟ್ಟಿಲು. ಲಿನ್ ಗಲ್ಲಾದ ಹಿಂದೆ ರಾಜನ ಹಾಗೆ ಕೂತಿದ್ದರು. ಹುವಾ ದೊಡ್ಡ ದೊಡ್ಡ ಕಾರ್ಟನ್ ಹೊತ್ತು ಹತ್ತಿ ಇಳಿಯುತ್ತಿದ್ದಳು. ನನ್ನ ಮುಖ ನೋಡಿ, ಕೈಸನ್ನೆಯಲ್ಲೂ ಹರಕು ಹಿಂದಿಯಲ್ಲೂ ಹೇಳಿದಳು. ನೀವೇ ಹೇಳಿದ್ದಲ್ಲವೇ, ಇವರು ಭಾರ ಎತ್ತಬಾರದು ಎಂದು? "ಶಾಬಾಶ್, ಹೆಂಡತಿ ಅಂದರೆ ನೀನು" ಎಂದು ನಾನು ಬೆನ್ನು ತಟ್ಟಿದೆ.

ನಕ್ಷತ್ರಗಳು ಮೇಲಿದ್ದವು. ಹುವಾ ಮುಂದೆ, ನಾನು ಹಿಂದೆ ಹತ್ತಿದೆವು. ಅರ್ಧ ಮೆಟ್ಟಿಲಲ್ಲಿ ಅವಳು ನಿಂತಳು. ಎದೆಗೂಡಿನ ಕೆಳಗೆ ಅಂಗೈ ಒತ್ತಿ ಹಿಡಿದು, ಮೆಟ್ಟಿಲ ಮೂಲೆಯಲ್ಲೇ ಇಟ್ಟಿದ್ದ ಫ್ಲಾಸ್ಕ್‌ನಿಂದ ಒಂದು ಗುಟುಕು ಬಿಸಿನೀರು ಕುಡಿದಳು. "ಪೇಟ್ ಠಂಡಾ" ಎಂದು ನಕ್ಕಳು. ಹೊಟ್ಟೆಗೆ ತಂಡಿ ಹತ್ತಿದೆಯಂತೆ. ಅದೇ ಮೆಟ್ಟಿಲಿಗೆ ಬಂದಾಗ ನಾನೂ ನಿಂತೆ, ಉಸಿರು ಸಾಲದಾಯಿತು. "ಈ ಚಪ್ಪಲಿಯಲ್ಲಿ ಹತ್ತಲಿಕ್ಕಾಗುವುದಿಲ್ಲ" ಎಂದೆ. ಕೆಳಗೆ ನೋಡಿದರೆ ಲಿನ್ ಗಲ್ಲಾ ಬಿಟ್ಟು ಎದ್ದು ಬಂದು, ಕೈಯಲ್ಲಿ ಒಂದು ಸೀರಿಯಲ್ ಸೆಟ್ ಹಿಡಿದು ನಮ್ಮಿಬ್ಬರನ್ನೂ ದಿಟ್ಟಿಸುತ್ತಿದ್ದರು. ಗಿರಾಕಿ ನಕ್ಷತ್ರ ಕದ್ದುಕೊಂಡು ಹೋಗುತ್ತಾಳೆ ಎಂಬ ಭಯವೋ ಏನೋ ಎಂದು ನನಗೆ ನಗು ಬಂತು. ನನ್ನ ಕಣ್ಣೆಲ್ಲ ಕೆಂಪು ನಕ್ಷತ್ರದ ಮೇಲಿತ್ತು, ಅದನ್ನೇ ತಂದೆ.

ಆ ವಾರ ಲಿನ್ ಬಂದಾಗ ಮತ್ತೆ ಅದೇ ರಾಗ, "ಡರ್ ಲಗ್ತಾ. ಪೆಹಲೆ ಬೀವಿ." ನನ್ನ ತಾಳ್ಮೆ ಕೆಟ್ಟಿತು. "ಇವತ್ತು ಹಾಕಿಸಿಕೊಳ್ಳದಿದ್ದರೆ ಡಾಕ್ಟರಿಗೆ ಹೇಳಿ ನಿಮ್ಮ ಹೆಸರು ತೆಗೆಸ್ತೇನೆ, ಯಲ್ಲಾ, ಬೇಗ!" ಎಂದೆ. ಲಿನ್ ಬಗ್ಗಿ ಶೂ ಹಾಕಿಕೊಂಡರು, ಬಾಗಿಲ ಕಡೆ ನಡೆದೇಬಿಟ್ಟರು. ಹುವಾಳ ಮುಖ ಬಿಳಿಚಿಕೊಂಡಿತು. ಚಿಕಿತ್ಸೆ ಇಲ್ಲದೆ ಗಂಡ ಹೊರಟರಲ್ಲ ಎಂದು ಓಡಿಹೋಗಿ ತೋಳು ಹಿಡಿದಳು, ಅವರು ಕೊಸರಿಕೊಂಡರು. ಕೊನೆಗೆ ಅವಳು ಫ್ಲಾಸ್ಕ್ ಕೆಳಗಿಟ್ಟು, ತಾನೇ ಹೋಗಿ ಇಸಿಜಿ ಮಂಚದ ಮೇಲೆ ಮಲಗಿದಳು. ಹಾಕಿ, ಬೇಗ ಹಾಕಿ, ಎಂದು ಕೈಸನ್ನೆ ಮಾಡಿದಳು.

ಲೋರ್ನಾ ಬಾಯಿ ತೆರೆಯುವ ಮೊದಲೇ ನಾನು, "ಒಂದು ಫೈಲ್ ಮಾಡು ಮಾರಾಯ್ತಿ, ಈ ಮಗುವಿನ ಹೆದರಿಕೆ ಇವತ್ತು ಬಿಡಿಸಿಬಿಡುವಾ" ಎಂದೆ. ಲೋರ್ನಾ ಗೊಣಗುತ್ತ ಫೈಲ್ ಮಾಡಿದಳು. ಪರದೆ ಎಳೆದು ವಯರು ಅಂಟಿಸಿದೆ. ಯಾನ್ ಪರದೆಯ ಆಚೆಯಿಂದ, "ನೋವಿಲ್ಲವಂತೆ, ಇರುವೆ ಕಚ್ಚಿದಷ್ಟೂ ಇಲ್ಲವಂತೆ" ಎಂದು ಲಿನ್ ಅವರಿಗೆ ವರದಿ ಕೊಡುತ್ತಿದ್ದಳು. ಹುವಾ ಗಂಡನಿಗೆ ಕೇಳಲೆಂದು ಜೋರಾಗಿ ನಕ್ಕಳು. ನಾನೂ ನಕ್ಕೆ. ಮೆಷಿನ್‌ನಿಂದ ಕಾಗದ ಬಂತು.

ನನ್ನ ನಗು ಅಲ್ಲೇ ನಿಂತಿತು. ಗೆರೆಗಳು ಇರಬೇಕಾದ ಹಾಗಿರಲಿಲ್ಲ. ವಯರು ತಪ್ಪಿ ಅಂಟಿಸಿದ್ದೇನೆ ಎಂದುಕೊಂಡು ಮತ್ತೆ ಎಲ್ಲ ಸರಿಮಾಡಿ ಇನ್ನೊಂದು ತೆಗೆದೆ, ಅದೂ ಹಾಗೆಯೇ ಬಂತು. ಅವಳ ಅಂಗೈ ಹಿಡಿದರೆ ತಣ್ಣಗಿತ್ತು. ಆಗ ನನಗೆ ಕಬ್ಬಿಣದ ಮೆಟ್ಟಿಲು, ಎದೆಗೂಡಿನ ಕೆಳಗೆ ಒತ್ತಿ ಹಿಡಿದ ಕೈ, ನಾನು ಬೆನ್ನು ತಟ್ಟಿದ್ದು ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು. ಡಾಕ್ಟರ್ ಹಾಝಿಂ ಸಿಗರೇಟಿನ ವಾಸನೆಯೊಂದಿಗೇ ಓಡಿಬಂದರು, ಕಾಗದ ನೋಡಿದರು, ಒಂದೂ ತಮಾಷೆ ಮಾಡಲಿಲ್ಲ. ಅದೇ ಮಧ್ಯಾಹ್ನ ಹುವಾಳಿಗೆ ಆಂಜಿಯೋಗ್ರಾಂ ಆಯಿತು. ಹೃದಯದ ಮುಖ್ಯ ರಕ್ತನಾಳವೇ ಕೂದಲೆಳೆಯಷ್ಟು ಬಿಟ್ಟು ಮುಚ್ಚಿಹೋಗಿತ್ತು. ಇನ್ನು ಸ್ವಲ್ಪ ದಿನ ಕಾರ್ಟನ್ ಹೊತ್ತಿದ್ದರೆ ಆ ಮೆಟ್ಟಿಲಲ್ಲೇ ಮುಗಿಯುತ್ತಿತ್ತು ಎಂದರು ಡಾಕ್ಟರು.

ಸ್ಟೆಂಟ್ ಹಾಕುವ ಹೊತ್ತಿಗೆ ಲಿನ್ ಹೊರಗೆ ಬೆಂಚಿನ ಮೇಲೆ ಕೂತಿದ್ದರು, ಮಡಿಲಲ್ಲಿ ಹೆಂಡತಿಯ ಫ್ಲಾಸ್ಕ್. ನಾನೂ ಯಾನ್‌ಳೂ ಪಕ್ಕದಲ್ಲಿ ಕೂತೆವು. ಇದು ಅಂಗಡಿ ಹಿಂದಿಗೆ ನಿಲುಕುವ ಮಾತಾಗಿರಲಿಲ್ಲ, ಅವರು ತಮ್ಮ ಭಾಷೆಯಲ್ಲಿ ನಿಧಾನವಾಗಿ ಹೇಳಿದರು. ಆ ದಿನ ಯಾನ್ ಒಂದು ಶಬ್ದವನ್ನೂ ಬಿಡದೆ ಹೇಳಿದಳು, ಹೇಳುತ್ತ ಅತ್ತಳು.

"ನೀವು ಕ್ಲಾಸಿನಲ್ಲಿ ಹೇಳಿದ್ದನ್ನೆಲ್ಲ ನಾನು ಕೇಳಿದ್ದೆ. ಅದಕ್ಕೂ ಮೊದಲಿನಿಂದಲೇ ಅವಳು ಮೆಟ್ಟಿಲಲ್ಲಿ ನಿಲ್ಲುವುದನ್ನು ನೋಡ್ತಿದ್ದೆ. ಅಟ್ಯಾಕ್ ಆಗುವ ಮೊದಲು ನಾನೂ ಹಾಗೇ ನಿಲ್ತಿದ್ದೆ. ಡಾಕ್ಟರಿಗೆ ತೋರಿಸು ಅಂತ ಹೇಳಿದರೆ ನಗ್ತಾಳೆ, ಮನೆಗೆ ಒಬ್ಬ ರೋಗಿ ಸಾಕು ಅಂತಾಳೆ. ತನಗೋಸ್ಕರ ಅವಳು ಒಂದು ಮಾತ್ರೆ ನುಂಗುವವಳಲ್ಲ. ನನಗೋಸ್ಕರ ಅಂದರೆ ಬೆಂಕಿಗೂ ಹಾರ್ತಾಳೆ. ಅದಕ್ಕೆ ನನಗೆ ಹೆದರಿಕೆ ಅಂದೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದು ನಾನು ಸಿಟ್ಟಿನಿಂದಲೇ ಕೇಳಿದೆ.

"ಹೇಳಿದ್ದರೆ ನೀವು ಅವಳಿಗೆ ಎಲ್ಲರೆದುರು ಬೈತಿದ್ರಿ. ನಿಮ್ಮ ಬಾಯಿ ನನಗೆ ಗೊತ್ತುಂಟಲ್ಲ. ಅವಳು ಹಾವ್, ಹಾವ್ ಅಂತಿದ್ದಳು. ಮರುದಿನದಿಂದ ಬರ್ತಿರಲಿಲ್ಲ."

ಅಟ್ಯಾಕ್ ಆದಾಗ ಐಸಿಯುನಲ್ಲಿ ಮೈತುಂಬ ವಯರು ಅಂಟಿಸಿಕೊಂಡು ಕಮಕ್ ಕಿಮಕ್ ಎನ್ನದೆ ಮಲಗಿದ್ದ ಮನುಷ್ಯ, ವಯರನ್ನೇ ಮಾರಿ ಬದುಕುವ ಮನುಷ್ಯ, ವಾರಗಟ್ಟಲೆ ನನ್ನಿಂದ ಹೆದರುಪುಕ್ಕ ಎನ್ನಿಸಿಕೊಂಡು ನಕ್ಕಿದ್ದರು. ತಮ್ಮ ಟ್ರೆಡ್‌ಮಿಲ್ ತಪ್ಪಿದರೆ ತಮಗೇ ಅಪಾಯ ಎಂದು ಅವರಿಗೆ ಗೊತ್ತಿತ್ತು. ಅವರ ಮೇಲೆ ನನಗೆ ಬಹಳ ಪ್ರೀತಿ ಬಂತು, ಹೇಳಲು ಹಿಂದಿ ಸಾಲಲಿಲ್ಲ. ಫ್ಲಾಸ್ಕ್‌ನ ಮುಚ್ಚಳ ತೆಗೆದು ಅವರಿಗೆ ಬಿಸಿನೀರು ಬಗ್ಗಿಸಿ ಕೊಟ್ಟೆ.

ಹುವಾ ಉಳಿದಳು. ಕೆಲವು ವಾರಗಳ ನಂತರ ಅವಳೂ ರಿಹ್ಯಾಬ್‌ಗೆ ಬಂದಳು. ಲಿನ್ ಅವರ ಹೆದರಿಕೆ ಅಷ್ಟರಲ್ಲಿ ಎಲ್ಲಿಗೋ ಓಡಿಹೋಗಿತ್ತು, ಸೀಟಿ ಹಾಕುತ್ತ ಟ್ರೆಡ್‌ಮಿಲ್ ಹತ್ತುತ್ತಿದ್ದರು. ಅವರ ಸರದಿ ಮುಗಿದ ಮೇಲೆ ಅವಳು ಹತ್ತುವಳು, ಇವರು ಗೋಡೆ ಬದಿಯ ಕುರ್ಚಿಯಲ್ಲಿ ಕೂತು ಕಿತ್ತಳೆ ಸುಲಿಯುವರು. ಅವರು ಸುಲಿದ ಕಿತ್ತಳೆ ನೋಡಲಿಕ್ಕಾಗುತ್ತಿರಲಿಲ್ಲ, ಆದರೂ ಹುವಾ ಎಲ್ಲವನ್ನೂ ತಿನ್ನುತ್ತಿದ್ದಳು. ಆಮೇಲೆ ನಮ್ಮಲ್ಲಿ ಒಂದು ಹೊಸ ಕ್ರಮ ಬಂತು. ರೋಗಿಯ ಜೊತೆ ಬಂದ ಗಂಡನನ್ನೋ ಹೆಂಡತಿಯನ್ನೋ ಡಾಕ್ಟರು ವಿಚಾರಿಸಿ ಒಮ್ಮೆ ತಪಾಸಣೆ ಮಾಡುವುದು. ಅದಕ್ಕೆ ಫೈಲ್ ಬೇಕಲ್ಲ ಎಂದು ಸಿಸ್ಟರ್ ಲೋರ್ನಾಳೇ ಹಟ ಹಿಡಿದು ಆಡಳಿತದವರಿಂದ ಒಪ್ಪಿಗೆ ತಂದಳು. ಚಳಿಗಾಲದ ಸಂಜೆ ಮುರಕ್ಕಬಾತ್‌ನ ಒಂದು ಕಟ್ಟಡದ ಹಿಂದೆ ಚೀನೀ ಹೆಂಗಸರು ಹಾಡು ಹಾಕಿಕೊಂಡು ಸಾಲಾಗಿ ಕುಣಿಯುತ್ತಿದ್ದರು. ಹುವಾ ಅಲ್ಲಿಗೂ ನನ್ನನ್ನು ಕರೆದುಕೊಂಡು ಹೋದಳು. ಟ್ರೆಡ್‌ಮಿಲ್ ಕಂಡರೆ ಓಡುವವರೆಲ್ಲ ಅಲ್ಲಿ ಬೆವರು ಸುರಿಸಿ ಕುಣಿಯುತ್ತಿದ್ದರು. ಹಾಡಿಗೆ ಬೆವರಿದರೆ ಶಕ್ತಿ ಸೋರುವುದಿಲ್ಲವಂತೆ. ನಾನು ಅಲ್ಲೇ ಯಾನ್‌ಳನ್ನು ನಿಲ್ಲಿಸಿ ಪಾಠ ಶುರುಮಾಡಿದೆ. ಕುಣಿಯಲೂ ಹೋದೆ. ಎಲ್ಲರೂ ಎಡಕ್ಕೆ ಹೋದಾಗ ನಾನು ಬಲಕ್ಕೆ ಹೋಗಿ ಇಬ್ಬರ ಕಾಲು ತುಳಿದೆ.

ಹೀಗೇ ವರ್ಷಗಳು ಹೋಗಿ ನನ್ನ ನಿವೃತ್ತಿಯ ದಿನ ಬಂತು. ಕ್ರೀಮ್ ಇಲ್ಲದ, ರುಚಿಯೂ ಇಲ್ಲದ ಕೇಕನ್ನು ಲೋರ್ನಾ ತರಿಸಿದ್ದಳು. ಡಾಕ್ಟರ್ ಹಾಝಿಂ ಸಿಗರೇಟು ಬಿಟ್ಟದ್ದಾಗಿ ಘೋಷಿಸಿದರು. ಘೀ ಖಲಾಸ್ ಎಂದ ಹಾಗೆಯೇ ಇದು ಎಂದು ನಾನೆಂದೆ. ಲಿನ್, ಹುವಾ ಇಬ್ಬರೂ ಬಂದಿದ್ದರು. ಲಿನ್ ಅವರದು ವರ್ಷದ ತಪಾಸಣೆಯೂ ಅಂದೇ ಇತ್ತು, ಕೊನೆಯ ಇಸಿಜಿ ನಾನೇ ತೆಗೆಯುತ್ತೇನೆ ಎಂದೆ. ಅವರು ಮಂಚದ ಹತ್ತಿರ ಬಂದು, ಎರಡೂ ಕೈ ಎದೆಗೆ ಅಡ್ಡ ಹಿಡಿದು ನಿಂತರು.

"ಸಿಸ್ಟರ್, ಡರ್ ಲಗ್ತಾ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ನಗಲಿಲ್ಲ. ಕೈ ಚಾಚಿ ಮಂಚ ತೋರಿಸಿದರು.

"ಪೆಹಲೆ ಸಿಸ್ಟರ್. ಬಾದ್ ಮೆ ಹಮ್."

ನನಗೆ ಆ ಕಬ್ಬಿಣದ ಮೆಟ್ಟಿಲು ನೆನಪಾಯಿತು. ಅಂದು ಅವರು ಕೆಳಗಿನಿಂದ ನೋಡುತ್ತಿದ್ದುದು ನಮ್ಮಿಬ್ಬರನ್ನೂ. ಚಪ್ಪಲಿಯ ನೆಪ ಹೇಳಿದವಳು ಆಮೇಲೆ ಎಷ್ಟು ಚಪ್ಪಲಿ ಬದಲಿಸಿದ್ದೆನೋ, ಉಸಿರು ಮಾತ್ರ ಹಾಗೆಯೇ ಸಾಲದೆ ಬರುತ್ತಿತ್ತು. ಸಿಬ್ಬಂದಿಯ ತಪಾಸಣೆ ಬಂದಾಗಲೆಲ್ಲ ನನಗೆ ಎಲ್ಲಿಲ್ಲದ ಕೆಲಸ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. "ನನಗೆ ಪ್ಯಾಕಿಂಗ್ ಉಂಟು, ಸಾಮಾನೆಲ್ಲ ಹಾಗೇ ಬಿದ್ದಿದೆ" ಎಂದೆ. ಲಿನ್ ಬಗ್ಗಿ ಶೂ ಹಾಕಿಕೊಳ್ಳತೊಡಗಿದರು. "ಫೈಲ್ ಇಲ್ಲದೆ ಹೇಗೆ?" ಎಂದೆ. ಸಿಸ್ಟರ್ ಲೋರ್ನಾ ಬೆನ್ನ ಹಿಂದಿನಿಂದ ನನ್ನ ಹೆಸರಿನ ಫೈಲ್ ತೆಗೆದು ತೋರಿಸಿದಳು. ಹುವಾ ಆಗಲೇ ಫ್ಲಾಸ್ಕ್‌ನ ಮುಚ್ಚಳ ತಿರುಗಿಸುತ್ತಿದ್ದಳು. ನಾನು ಮಲಗಿದೆ. ಎಷ್ಟೋ ಜನರಿಗೆ ಅಂಟಿಸಿದ ವಯರು ನನ್ನ ಎದೆಗೆ ಅಂಟಿದಾಗ ಎಷ್ಟು ತಣ್ಣಗಿರುತ್ತದೆ ಎಂದು ಗೊತ್ತಾಯಿತು, ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಒಂದು ರಕ್ತನಾಳದಲ್ಲಿ ತೊಂದರೆ ಇತ್ತು, ರಕ್ತದೊತ್ತಡವೂ ಇತ್ತು. ಸಮಯಕ್ಕೆ ಸಿಕ್ಕಿತು ಎಂದರು ಡಾಕ್ಟರು. ಮಾತ್ರೆಗಳೊಂದಿಗೆ, ದಿನಾ ನಡೆಯಬೇಕು ಎಂಬ ಅಪ್ಪಣೆಯೊಂದಿಗೆ ಊರಿಗೆ ಬಂದೆ.

ಇಲ್ಲಿ ನನಗೊಬ್ಬ ಹೊಸ ರೋಗಿ ಸಿಕ್ಕಿದ್ದಾರೆ. ಲಾರೆನ್ಸ್ ಆ ಆರಾಮ ಕುರ್ಚಿ ಬಿಟ್ಟು ಏಳುವವರಲ್ಲ. ಶುಗರ್ ನೋಡಿಸುವಾ ಎಂದರೆ ಹೂಂ ಎನ್ನುತ್ತಾರೆ, ನಡೆಯುವಾ ಎಂದರೆ ನಾಳೆ ಎನ್ನುತ್ತಾರೆ. ಬೈದು ನೋಡಿದೆ, ಪಾಠ ಮಾಡಿ ನೋಡಿದೆ, ಆಗಲಿಲ್ಲ. ಈಗ ಸಂಜೆಯಾದರೆ ಬಾಗಿಲಲ್ಲಿ ನಿಂತು, "ಇಗರ್ಜಿವರೆಗೆ ನಡೆದು ಬರಬೇಕಿತ್ತು, ಒಬ್ಬಳೇ ಹೋಗಲಿಕ್ಕೆ ನಾಯಿಗಳ ಹೆದರಿಕೆ ಆಗ್ತದೆ ಮಾರಾಯ್ರೆ" ಎನ್ನುತ್ತೇನೆ. ಗೊಣಗುತ್ತ ಏಳುತ್ತಾರೆ, ಕೋಲು ಹುಡುಕುತ್ತಾರೆ, ಚಪ್ಪಲಿ ಮೆಟ್ಟಿ ನನಗಿಂತ ಮುಂದೆ ನಡೆಯುತ್ತಾರೆ.